ಪಂಪು ಓಡುತ್ತಿದೆ, ಸಂಪು ಇಳಿಯುತ್ತಿಲ್ಲ: ಟೇಲಿಂಗ್ಸ್ ಕೊಳದ ಬಸಿನೀರು ವ್ಯವಸ್ಥೆಯ ದೋಷ ನಿವಾರಣೆ

ಮೈಸೂರಿನಿಂದ ನಂಜನಗೂಡಿನ ಕಡೆಗೆ ಹಾಯುವ ಕಡುಹಸಿರು ಬಂಡೆಯ ಪಟ್ಟಿಯಲ್ಲಿ ಸಿಂಧುವಳ್ಳಿಯ ಕ್ರೋಮೈಟ್, ದೊಡ್ಡಕಾನ್ಯದ ಮ್ಯಾಗ್ನೆಸೈಟ್ ಮೊದಲಾದ ಖನಿಜಗಳು ಇರುವುದು ಬಹುಕಾಲದಿಂದ ತಿಳಿದ ಸಂಗತಿ. ಇಂತಹ ಅದಿರನ್ನು ಪುಡಿಮಾಡಿ ತೊಳೆದು ಬೇರ್ಪಡಿಸಿದಾಗ ಉಳಿಯುವ ನುಣ್ಣನೆಯ ರಾಡಿಯನ್ನು, ಅಂದರೆ ಟೇಲಿಂಗ್ಸನ್ನು, ಏರಿ ಕಟ್ಟಿದ ಕೊಳದಲ್ಲಿ ತುಂಬಿಡುತ್ತಾರೆ. ಮಣ್ಣಿನ ಏರಿ ಎಂದ ಮೇಲೆ ಅದು ಸ್ವಲ್ಪವಾದರೂ ಬಸಿಯುತ್ತದೆ, ಮತ್ತು ಬಸಿಯುವುದೇ ದೋಷವಲ್ಲ. ಆದರೆ ಕೆರೆಯ ಏರಿಯ ಕೆಳಗೆ ಬಸಿದ ನೀರು ಗದ್ದೆಗೆ ಹೋಗಬಹುದು, ಈ ಕೊಳದ ಬಸಿನೀರು ಹೋಗುವಂತಿಲ್ಲ. ಆದ್ದರಿಂದ ಏರಿಯ ಬುಡದಲ್ಲಿ ಬಸಿಗಾಲುವೆ ತೋಡಿ, ನೀರನ್ನು ಒಂದು ಸಂಪಿಗೆ ಇಳಿಸಿ, ಅಲ್ಲಿಂದ ಪಂಪಿನ ಮೂಲಕ ಏರಿಯ ಮೇಲೆ ಹಾಯಿಸಿ ಮತ್ತೆ ಕೊಳಕ್ಕೆ ಬಿಡುತ್ತಾರೆ.

ಈ ವ್ಯವಸ್ಥೆಯಲ್ಲಿ ಬರುವ ದೂರು ಸಾಮಾನ್ಯವಾಗಿ ಒಂದೇ ಬಗೆಯದು: ಪಂಪು ಹಗಲಿರುಳೂ ಓಡುತ್ತಿದೆ, ಆದರೂ ಸಂಪಿನ ಮಟ್ಟ ಇಳಿಯುತ್ತಿಲ್ಲ. ದೂರು ಬಂದ ಕೂಡಲೇ ಪಂಪನ್ನು ಎತ್ತಿ ಬಿಚ್ಚುವುದು ವಾಡಿಕೆಯಾಗಿದೆ. ಇದು ತಪ್ಪಾದ ಕ್ರಮ ಎಂಬುದು ನನ್ನ ಅಭಿಪ್ರಾಯ. ಒಳಗೆ ಎಷ್ಟು ನೀರು ಬರುತ್ತಿದೆ, ಹೊರಗೆ ಎಷ್ಟು ಹೋಗುತ್ತಿದೆ ಎಂಬ ಎರಡನ್ನೂ ಅಳೆಯದೆ ಪಂಪಿನ ಮೇಲೆ ದೋಷ ಹೊರಿಸಲು ಬರುವುದಿಲ್ಲ. ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರ್ ಬದಲಾಯಿಸಿದ ಮೇಲೂ ಸಂಪು ತುಂಬಿಯೇ ಇರುವ ಪ್ರಸಂಗಗಳು ಇದೇ ಕಾರಣದಿಂದ ಹುಟ್ಟುತ್ತವೆ.

ಮೊದಲು ನೀರಿನ ಬಣ್ಣ

ಯಾವ ಅಳತೆಗೂ ಮುಂಚೆ ಬಸಿನೀರನ್ನು ಸ್ವಚ್ಛವಾದ ಗಾಜಿನ ಬಾಟಲಿಯಲ್ಲಿ ಹಿಡಿದು, ಬೆಳಕಿಗೆ ಒಡ್ಡಿ ನೋಡಿ, ಒಂದು ಗಂಟೆ ಅಲುಗಾಡದಂತೆ ಇಡಬೇಕು. ನೀರನ್ನು ಸಂಪಿನಿಂದ ತೆಗೆಯದೆ, ಅದು ಏರಿಯಿಂದ ಹೊರಬರುವ ಬಾಯಿಯಲ್ಲೇ ಹಿಡಿಯಬೇಕು, ಏಕೆಂದರೆ ಸಂಪಿನ ತಳದಲ್ಲಿ ಹಳೆಯ ಹೂಳು ಇದ್ದೇ ಇರುತ್ತದೆ. ತಿಳಿನೀರು ಹೆಚ್ಚಾಗಿ ಬಂದರೆ ಕಾರಣ ಹುಡುಕಲು ಸಮಯವಿದೆ. ಕದಡಿದ ನೀರು ಬರುತ್ತಿದ್ದರೆ, ಬಾಟಲಿಯ ತಳದಲ್ಲಿ ನುಣುಪು ಮಣ್ಣು ಕೂತರೆ, ಅಥವಾ ಬುಡದಲ್ಲಿ ಮರಳು ಕುದಿಯುವಂತೆ ಉಕ್ಕುತ್ತಿದ್ದರೆ, ಏರಿಯ ಒಳಗಿನಿಂದ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ತಿಳಿಯಬೇಕು. ಆಗ ಈ ಕೈಪಿಡಿಯ ಉಳಿದ ಭಾಗ ಪ್ರಯೋಜನಕ್ಕೆ ಬರುವುದಿಲ್ಲ. ಕೊಳಕ್ಕೆ ರಾಡಿ ಬಿಡುವುದನ್ನು ನಿಲ್ಲಿಸಬೇಕು, ಏರಿಯ ಕೆಳಗಿರುವವರನ್ನು ದೂರ ಕಳುಹಿಸಬೇಕು, ಏರಿಯ ಹೊಣೆ ಹೊತ್ತ ಎಂಜಿನಿಯರ್ ಅವರನ್ನು ಆ ಕ್ಷಣವೇ ಕರೆಸಬೇಕು.

ಇಂತಹ ಸಂದರ್ಭದಲ್ಲಿ ನೀರು ಬರುವ ರಂಧ್ರಕ್ಕೆ ಜೇಡಿಮಣ್ಣು ತುಂಬಿ ಮುಚ್ಚುವ ಆಸೆ ಎಲ್ಲರಿಗೂ ಬರುತ್ತದೆ. ಮುಚ್ಚಬಾರದು. ಮುಚ್ಚಿದ ನೀರು ಇನ್ನೊಂದು ದಾರಿ ಹುಡುಕುತ್ತದೆ, ಮತ್ತು ಆ ದಾರಿ ನಮಗೆ ಕಾಣುವ ಜಾಗದಲ್ಲೇ ಇರಬೇಕೆಂದಿಲ್ಲ. ನೀರನ್ನು ಬಿಟ್ಟು ಮಣ್ಣನ್ನು ತಡೆಯುವುದು ಸರಿಯಾದ ಕ್ರಮ: ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡಿದ ಸೋಸುಪದರವನ್ನು ಎಂಜಿನಿಯರ್ ಹೇಳಿದ ಅಳತೆಯಲ್ಲಿ ಹಾಕಬೇಕು. ಸಂಪನ್ನು ತಳ ಕಾಣುವವರೆಗೆ ಒಮ್ಮೆಲೇ ಬತ್ತಿಸುವುದೂ ಇದೇ ಕಾರಣಕ್ಕೆ ಅಪಾಯಕರ. ಸಂಪಿನ ಮಟ್ಟ ತಗ್ಗಿದಷ್ಟೂ ಏರಿಯ ಒಳಗಿನ ನೀರಿನ ಸೆಳೆತ ಹೆಚ್ಚಿ ಮಣ್ಣನ್ನೂ ಎಳೆದುಕೊಂಡು ಬರುತ್ತದೆ.

ಸಂಪೇ ಅಳತೆಯ ಪಾತ್ರೆ

ನೀರು ತಿಳಿಯಾಗಿದೆ ಎಂದಾದರೆ ಲೆಕ್ಕಕ್ಕೆ ಇಳಿಯಬಹುದು. ಇದಕ್ಕೆ ಬೆಲೆಬಾಳುವ ಉಪಕರಣ ಬೇಡ, ಸೆಂಟಿಮೀಟರ್ ಗುರುತಿನ ಒಂದು ಕೋಲು ಮತ್ತು ಗಡಿಯಾರ ಸಾಕು. ವಿವರಣೆಗಾಗಿ 3 ಮೀಟರ್ ಉದ್ದ, 3 ಮೀಟರ್ ಅಗಲದ ಸಂಪು, 5 ಅಶ್ವಶಕ್ತಿಯ ಪಂಪು, ಒಳವ್ಯಾಸ 75 ಮಿಲಿಮೀಟರ್ ಇರುವ 150 ಮೀಟರ್ ಡೆಲಿವರಿ ಪೈಪು ಎಂದು ಇಟ್ಟುಕೊಳ್ಳೋಣ. ಸಂಪಿನ ವಿಸ್ತೀರ್ಣ 9 ಚದರ ಮೀಟರ್ ಆದ್ದರಿಂದ ಮಟ್ಟದಲ್ಲಿ ಪ್ರತಿ ಸೆಂಟಿಮೀಟರ್ ಎಂದರೆ 90 ಲೀಟರ್.

ಪಂಪನ್ನು ನಿಲ್ಲಿಸಿ, ಡೆಲಿವರಿಯ ಗೇಟ್ ವಾಲ್ವನ್ನು ಪೂರ್ತಿ ಮುಚ್ಚಿ, 5 ನಿಮಿಷದಲ್ಲಿ ಮಟ್ಟ ಎಷ್ಟು ಏರಿತು ಎಂದು ಬರೆದುಕೊಳ್ಳಬೇಕು. 10 ಸೆಂಟಿಮೀಟರ್ ಏರಿದ್ದರೆ 900 ಲೀಟರ್ ಬಂದಿದೆ, ಅಂದರೆ ಸೆಕೆಂಡಿಗೆ 3 ಲೀಟರ್ ಒಳಹರಿವು. ಆಮೇಲೆ ವಾಲ್ವ್ ತೆರೆದು ಪಂಪು ಓಡಿಸಿ, ಹರಿವು ಸ್ಥಿರವಾದ ಮೇಲೆ ಮತ್ತೆ 5 ನಿಮಿಷ ನೋಡಬೇಕು. 12 ಸೆಂಟಿಮೀಟರ್ ಇಳಿದಿದ್ದರೆ ನಿವ್ವಳ ಇಳಿತ ಸೆಕೆಂಡಿಗೆ 3.6 ಲೀಟರ್, ಅದಕ್ಕೆ ಒಳಹರಿವಿನ 3 ಲೀಟರ್ ಕೂಡಿಸಿದರೆ ಪಂಪು ಹೊರಹಾಕುತ್ತಿರುವುದು 6.6 ಲೀಟರ್. ಈ ಎರಡು ಅಂಕಿಗಳು ದೊರೆತರೆ ದೋಷದ ಅರ್ಧ ಪತ್ತೆ ಆದಂತೆಯೇ. ಪಂಪಿನ ಅಂಕಿ ಹಳೆಯ ದಾಖಲೆಗೆ ಸಮವಾಗಿದ್ದು ಒಳಹರಿವು ಏರಿದ್ದರೆ, ಪಂಪನ್ನು ಮುಟ್ಟುವ ಅಗತ್ಯವೇ ಇಲ್ಲ.

ಬಸಿಗಾಲುವೆಯಲ್ಲಿ ವಿ-ನಾಚ್ ತಗಡು (ಹರಿವು ಅಳೆಯಲು V ಆಕಾರದಲ್ಲಿ ಕತ್ತರಿಸಿ ಅಡ್ಡಲಾಗಿ ನಿಲ್ಲಿಸಿದ ತಗಡು) ಇದ್ದರೆ ಒಳಹರಿವನ್ನು ಅದರಲ್ಲೂ ತಾಳೆ ನೋಡಬಹುದು. 90 ಡಿಗ್ರಿ ನಾಚಿನ ಮೇಲೆ ನೀರಿನ ಎತ್ತರ 5 ಸೆಂಟಿಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 0.8 ಲೀಟರ್, 10 ಸೆಂಟಿಮೀಟರ್ ಇದ್ದರೆ 4.4 ಲೀಟರ್, 15 ಇದ್ದರೆ 12 ಲೀಟರ್. ಎತ್ತರ ಎರಡರಷ್ಟಾದರೆ ಹರಿವು ಐದೂವರೆ ಪಟ್ಟಿಗೂ ಮೀರುತ್ತದೆ ಎಂಬುದನ್ನು ಗಮನಿಸಬೇಕು. 10 ಸೆಂಟಿಮೀಟರಿನ ಮಟ್ಟವನ್ನು 11 ಎಂದು ಓದಿದರೆ ಲೆಕ್ಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತಪ್ಪಾಗುತ್ತದೆ. ತಗಡಿನ ಹಿಂದೆ ಹೂಳು ತುಂಬಿದ್ದರೂ, ನಾಚಿನ ತುದಿಯಲ್ಲಿ ಕಸ ಸಿಕ್ಕಿದ್ದರೂ ಓದಿಗೆ ಬೆಲೆಯಿಲ್ಲ. ಎತ್ತರವನ್ನು ತಗಡಿನ ಅಂಚಿನಲ್ಲಿ ಅಳೆಯಬಾರದು, ಅಲ್ಲಿ ನೀರು ಬಾಗಿ ಇಳಿಯುತ್ತದೆ. ನೀರಿನ ಎತ್ತರದ ನಾಲ್ಕು ಪಟ್ಟಾದರೂ ಹಿಂದೆ ಸರಿದು ಅಳೆಯಬೇಕು.

ಪೈಪಿನ ಮೂಲಕವೇ ಹಿಂದಿರುಗುವ ನೀರು

ಮೇಲಿನ ಪರೀಕ್ಷೆಯಲ್ಲಿ ಗೇಟ್ ವಾಲ್ವ್ ಮುಚ್ಚಲು ಹೇಳಿದ್ದಕ್ಕೆ ಕಾರಣವಿದೆ. ಅದೇ ಪರೀಕ್ಷೆಯನ್ನು ವಾಲ್ವ್ ತೆರೆದಿಟ್ಟು ಮತ್ತೊಮ್ಮೆ ಮಾಡಬೇಕು. ತೆರೆದಾಗ ಸಂಪು ಹೆಚ್ಚು ವೇಗವಾಗಿ ತುಂಬಿದರೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಿಡಿಯುತ್ತಿಲ್ಲ. ಪೈಪಿನೊಳಗೆ ನಿಂತಿರುವ ನೀರು ಸುಮಾರು 660 ಲೀಟರ್. ಅಷ್ಟೂ ಹಿಂದಿರುಗಿದರೆ ಸಂಪು 7 ಸೆಂಟಿಮೀಟರಿಗೂ ಹೆಚ್ಚು ಏರುತ್ತದೆ. ಪಂಪು ಪದೇ ಪದೇ ಶುರುವಾಗಿ ನಿಲ್ಲುವ ಕಡೆ ಇದೇ ನೀರು ಮೇಲೆ ಹೋಗಿ ಕೆಳಗೆ ಬರುತ್ತಿರುವ ಸಾಧ್ಯತೆ ಹೆಚ್ಚು.

ಇದಕ್ಕಿಂತ ಕೆಟ್ಟ ರೂಪ ಇನ್ನೊಂದಿದೆ. ಪೈಪಿನ ಮೇಲ್ತುದಿ ಕೊಳದ ನೀರಿನಲ್ಲಿ ಮುಳುಗಿದ್ದರೆ, ಪಂಪು ನಿಂತ ಕೂಡಲೇ ಪೈಪು ಸೈಫನ್ ಆಗಿ ಕೊಳದ ನೀರನ್ನೇ ಸಂಪಿಗೆ ಇಳಿಸಲು ತೊಡಗುತ್ತದೆ. ವಾಲ್ವಿನ ಬಾಗಿಲಿನಲ್ಲಿ ಸಿಕ್ಕ ಒಂದು ಕಲ್ಲಿನ ಚೂರು ಇದಕ್ಕೆ ಸಾಕು. ಈ ಹರಿವು 660 ಲೀಟರಿಗೆ ಮುಗಿಯುವುದಿಲ್ಲ, ರಾತ್ರಿಯಿಡೀ ನಡೆಯುತ್ತದೆ, ಮತ್ತು ಬೆಳಿಗ್ಗೆ ಬಂದವರಿಗೆ ಏರಿಯೇ ಒಡೆದು ಬಸಿಯುತ್ತಿದೆಯೇನೋ ಎಂಬ ಭಯ ಹುಟ್ಟಿಸುತ್ತದೆ. ಪೈಪು ಹೂಡುವಾಗ ಮೇಲ್ತುದಿ ನೀರಿನಿಂದ ಮೇಲೆಯೇ ಇದ್ದಿರಬಹುದು. ಕೊಳದ ಮಟ್ಟ ವರ್ಷದಿಂದ ವರ್ಷಕ್ಕೆ ಏರುವುದರಿಂದ ಅದು ಮುಳುಗಿದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ಪೈಪಿನ ಬಾಯಿಯನ್ನು ಕೊಳದ ಅತಿ ಹೆಚ್ಚಿನ ಮಟ್ಟಕ್ಕಿಂತ ಮೇಲೆ ಎತ್ತಿ ಕಟ್ಟುವುದು ಪರಿಹಾರ. ಏರಿಯ ನೆತ್ತಿಯಲ್ಲಿ ಪೈಪು ಬಾಗುವ ಜಾಗದಲ್ಲಿ ಏರ್ ವಾಲ್ವ್ ಇದ್ದರೆ ಸೈಫನ್ ಮುರಿಯುತ್ತದೆ, ಆದರೆ ಕಿಟ್ಟ ಕಟ್ಟಿದ ಏರ್ ವಾಲ್ವನ್ನು ನಂಬುವುದಕ್ಕಿಂತ ತೆರೆದ ಬಾಯಿಯನ್ನು ನಂಬುವುದು ಮೇಲು.

ಹೊರಹರಿವು ಕುಸಿದಿದ್ದರೆ

ಪಂಪು ಹೊರಹಾಕುವ ನೀರೇ ಕಡಿಮೆಯಾಗಿದೆ ಎಂದು ಲೆಕ್ಕ ತೋರಿಸಿದಾಗಲೂ ಬಿಚ್ಚುವುದಕ್ಕೆ ಮೊದಲು ಮೂರು ಓದುಗಳನ್ನು ತೆಗೆದುಕೊಳ್ಳಬೇಕು: ಸಕ್ಷನ್ (ನೀರು ಎಳೆಯುವ) ಕಡೆಯ ನಿರ್ವಾತ, ಡೆಲಿವರಿ (ನೀರು ಹೊರಹಾಕುವ) ಕಡೆಯ ಒತ್ತಡ, ಮೋಟಾರಿನ ಆಂಪಿಯರ್. ನಮ್ಮ ಉದಾಹರಣೆಯಲ್ಲಿ ನೀರಿನಿಂದ ಪಂಪಿಗೆ 3 ಮೀಟರ್, ಪಂಪಿನಿಂದ ಪೈಪಿನ ಬಾಯಿಗೆ 15 ಮೀಟರ್ ಎತ್ತರವಿದ್ದರೆ, ಸುಸ್ಥಿತಿಯಲ್ಲಿ ನಿರ್ವಾತದ ಮಾಪಕ ಸುಮಾರು 260 ಮಿಲಿಮೀಟರ್ ಪಾದರಸವನ್ನೂ, ಒತ್ತಡದ ಮಾಪಕ ಚದರ ಸೆಂಟಿಮೀಟರಿಗೆ ಸುಮಾರು 2 ಕೆ.ಜಿ.ಯನ್ನೂ ತೋರಿಸಬೇಕು. 5 ಅಶ್ವಶಕ್ತಿಯ ಮೂರು ಫೇಸ್ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 7.5 ಆಂಪಿಯರ್ ಎಳೆಯುತ್ತದೆ.

ನಿರ್ವಾತ ಏರಿ ಒತ್ತಡ ಇಳಿದಿದ್ದರೆ ಸಕ್ಷನ್ ದಾರಿ ಕಟ್ಟಿಕೊಂಡಿದೆ. ಸಕ್ಷನ್ ಪೈಪಿನ ಕೆಳತುದಿಯಲ್ಲಿರುವ ಫುಟ್‌ವಾಲ್ವಿನ ಜಾಲರಿ ಹೂಳಿನಲ್ಲಿ ಹುದುಗಿದೆಯೇ ನೋಡಬೇಕು. ನಿರ್ವಾತವೂ ಒತ್ತಡವೂ ಇಳಿದು ಮಾಪಕದ ಮುಳ್ಳು ನಡುಗುತ್ತಿದ್ದರೆ ಪಂಪು ಗಾಳಿ ಎಳೆಯುತ್ತಿದೆ: ಶಾಫ್ಟಿನ ಸುತ್ತ ಸೋರದಂತೆ ಬಿಗಿಯುವ ಗ್ಲಾಂಡ್, ಫ್ಲಾಂಜಿನ ವಾಷರ್, ಅಥವಾ ಫುಟ್‌ವಾಲ್ವಿನ ಮೇಲೆ ನೀರು ಸಾಲದೆ ಏಳುವ ಸುಳಿ ಇದಕ್ಕೆ ಕಾರಣ. ಎರಡೂ ಇಳಿದು ಮುಳ್ಳು ಸ್ಥಿರವಾಗಿದ್ದು ಆಂಪಿಯರ್ ಸಹ ಕಡಿಮೆಯಿದ್ದರೆ ಇಂಪೆಲ್ಲರ್ ಸವೆದಿದೆ ಅಥವಾ ತಿರುಗುವ ದಿಕ್ಕು ತಪ್ಪಿದೆ. ದಿಕ್ಕು ತಪ್ಪಿದ ಸೆಂಟ್ರಿಫ್ಯೂಗಲ್ ಪಂಪು ನೀರನ್ನು ಸ್ವಲ್ಪ ಮಟ್ಟಿಗೆ ಎತ್ತುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ; ದೋಷ ಕಾಣಿಸಿಕೊಂಡದ್ದು ಕೇಬಲ್ ಅಥವಾ ಲೈನ್ ದುರಸ್ತಿಯ ಮರುದಿನವಾದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಯಾವುದಾದರೂ ಎರಡು ಫೇಸ್ ತಂತಿಗಳನ್ನು ಅದಲುಬದಲು ಮಾಡಿದರೆ ಸರಿಯಾಗುತ್ತದೆ. ಒತ್ತಡ ಏರಿ, ಆಂಪಿಯರ್ ಮತ್ತು ನಿರ್ವಾತ ಇಳಿದಿದ್ದರೆ ಡೆಲಿವರಿ ಪೈಪು ಕಟ್ಟಿಕೊಂಡಿದೆ. ಒತ್ತಡ ಇಳಿದು ಆಂಪಿಯರ್ ಏರಿದ್ದರೆ ಪೈಪು ಎಲ್ಲೋ ಒಡೆದಿದೆ, ಮತ್ತು ಒಡೆದ ಜಾಗ ಏರಿಯ ಇಳಿಜಾರಿನಲ್ಲಿದ್ದರೆ ಅದು ಏರಿಯನ್ನೇ ಕೊರೆಯುತ್ತಿರುತ್ತದೆ. ಕೂಡಲೇ ಪಂಪು ನಿಲ್ಲಿಸಿ ಪೈಪಿನ ಉದ್ದಕ್ಕೂ ನಡೆದು ನೋಡಬೇಕು.

ಸಕ್ಷನ್ ಎತ್ತರದ ಬಗ್ಗೆ ಒಂದು ಮಾತು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 10.3 ಮೀಟರ್ ನೀರಿಗೆ ಸಮ. ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಅದು 9.4 ಮೀಟರಿಗೆ ಇಳಿಯುತ್ತದೆ. ನೆಲದ ಮೇಲಿನ ಪಂಪು ಆಳವಾದ ಸಂಪಿನಿಂದ ಎಳೆಯಲು ಹೆಣಗುತ್ತಿದ್ದರೆ ಆ ಒಂದು ಮೀಟರಿನ ಕೊರತೆಯೂ ಲೆಕ್ಕಕ್ಕೆ ಬರುತ್ತದೆ. 5 ಮೀಟರಿಗಿಂತ ಹೆಚ್ಚು ಸಕ್ಷನ್ ಬೇಕಾದ ಕಡೆ ಸಬ್‌ಮರ್ಸಿಬಲ್ ಪಂಪನ್ನು ಇಳಿಸುವುದೇ ಲೇಸು.

ಕಿಟ್ಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಇಲ್ಲಿನ ಮ್ಯಾಗ್ನೆಸೈಟ್ ಬಂಡೆಯ ನೆಲದಲ್ಲಿ ನೀರು ಸಹಜವಾಗಿಯೇ ಗಡಸು. ಬಸಿನೀರು ಗಾಳಿಗೆ ಒಡ್ಡಿಕೊಂಡಾಗ ಪೈಪಿನ ಒಳಗೋಡೆಗೆ ಸುಣ್ಣದಂತಹ ಬಿಳಿಯ ಪದರ ಹತ್ತುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕೆಂಗಂದು ಬಣ್ಣದ ಲೋಳೆ ಕಟ್ಟುತ್ತದೆ. ಸುತ್ತಲೂ 5 ಮಿಲಿಮೀಟರ್ ಪದರ ಹತ್ತಿದರೆ 75 ಮಿಲಿಮೀಟರ್ ಪೈಪು 65 ಆಗುತ್ತದೆ. ನೋಟಕ್ಕೆ ಇದು ಅಲ್ಪ. ಆದರೆ ಅದೇ ಹರಿವಿಗೆ ಘರ್ಷಣೆಯ ನಷ್ಟ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಬದಲಾಗುವುದರಿಂದ ನಷ್ಟ ಎರಡರಷ್ಟಾಗುತ್ತದೆ, ಮೇಲ್ಮೈ ಒರಟಾದದ್ದು ಇನ್ನಷ್ಟು ಸೇರಿಸುತ್ತದೆ. ಒಂದು ಜೋಡಣೆಯನ್ನು ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಆಗಲೂ ಕೈಗೆ ರಬ್ಬರ್ ಗವಸು ಇರಬೇಕು, ಏಕೆಂದರೆ ಕ್ರೋಮೈಟ್ ಗಣಿಯ ನೀರಿನಲ್ಲಿ ವಿಷಕಾರಿಯಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವ ಸಂಭವವಿದೆ. ಕಿಟ್ಟ ತೆಗೆಯಲು ಆಮ್ಲ ಬಳಸುವವರು ಮೊದಲು ಕೊಳದಲ್ಲಿ ಏನಿದೆ ಎಂದು ಕೇಳಿ ತಿಳಿಯಬೇಕು. ಹಟ್ಟಿಯಂತಹ ಚಿನ್ನದ ಗಣಿಗಳಲ್ಲಿ ಅದಿರನ್ನು ಸಯನೈಡಿನಿಂದ ಸಂಸ್ಕರಿಸುತ್ತಾರೆ. ಅಂತಹ ಕೊಳದ ಪೈಪಿಗೆ ಆಮ್ಲ ಸುರಿದರೆ ಮಾರಕವಾದ ಹೈಡ್ರೋಜನ್ ಸಯನೈಡ್ ಅನಿಲ ಹೊರಬರುತ್ತದೆ. ಅಲ್ಲಿ ಯಂತ್ರದಿಂದ ಉಜ್ಜಿ ತೆಗೆಯುವುದೊಂದೇ ದಾರಿ.

ಒಳಹರಿವು ಏರಿದ್ದರೆ

ಏರಿದ ಒಳಹರಿವೆಲ್ಲ ಕೊಳದ್ದೇ ಎಂದು ಭಾವಿಸಬಾರದು. ಈ ಸೀಮೆಯಲ್ಲಿ ನಾಲೆಯ ನೀರನ್ನು ಮರೆತವರ ಲೆಕ್ಕ ತಪ್ಪುವುದು ಖಚಿತ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಲ್ಲಾಗಲಿ, ಮೈಸೂರು ಕಡೆಯ ವರುಣಾ ನಾಲೆಯಲ್ಲಾಗಲಿ, ಕಬಿನಿಯ ಬಲದಂಡೆಯಲ್ಲಾಗಲಿ ನೀರು ಬಿಟ್ಟಾಗ ಅಚ್ಚುಕಟ್ಟಿನ ಬಾವಿಗಳ ಮಟ್ಟ ಏರುತ್ತದೆ, ತಗ್ಗಿನ ಜಮೀನು ಜೌಗಾಗುತ್ತದೆ. ಅಲ್ಲಿಯೇ ತಗ್ಗಿನಲ್ಲಿ ತೋಡಿದ ಸಂಪು ಮಾತ್ರ ಹೊರತಾಗಿರಲು ಸಾಧ್ಯವಿಲ್ಲ. ಕಟ್ಟು ಪದ್ಧತಿಯಲ್ಲಿ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಾಲದಲ್ಲಿ ಇದನ್ನು ಪತ್ತೆ ಮಾಡುವುದು ಸುಲಭ: ನೀರು ಬಿಟ್ಟ ದಿನಾಂಕಗಳನ್ನು ಊರಿನ ನೀರಗಂಟಿಯಿಂದ ಕೇಳಿಕೊಂಡು ಒಳಹರಿವಿನ ದಾಖಲೆಯ ಪಕ್ಕದಲ್ಲಿ ಬರೆದರೆ, ಒಂದರ ಹಿಂದೆ ಒಂದು ಏರಿಳಿಯುವುದು ಕಣ್ಣಿಗೆ ಬೀಳುತ್ತದೆ.

ಇದನ್ನು ದೃಢಪಡಿಸಲು, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ಸೂಚಿಸುವ ವಿದ್ಯುತ್ ವಾಹಕತೆಯ ಮಾಪಕ ಬೇಕು. ಉದಾಹರಣೆಗೆ ಕೊಳದ ನೀರು 2400 ಮೈಕ್ರೋಸೀಮೆನ್ಸ್, ಹತ್ತಿರದ ಬಾವಿಯ ನೀರು 600, ಬಸಿನೀರು 1500 ತೋರಿಸಿದರೆ, ಬಸಿನೀರಿನಲ್ಲಿ ಕೊಳದ ಪಾಲು ಸರಿಸುಮಾರು ಅರ್ಧ ಮಾತ್ರ. ನೀರು ಮಣ್ಣಿನಲ್ಲಿ ಹಾದುಬರುವಾಗ ಲವಣಗಳು ಬದಲಾಗುವುದರಿಂದ ಇದು ಅಂದಾಜೇ ಸರಿ. ಕ್ಲೋರೈಡ್ ಪ್ರಮಾಣದಿಂದ ಇದೇ ಲೆಕ್ಕ ಮಾಡಿದರೆ ಹೆಚ್ಚು ನಂಬಬಹುದು. ಒಳಹರಿವು ಏರಿದಾಗ ವಾಹಕತೆ ಇಳಿದಿದ್ದರೆ ಹೊರಗಿನ ಸಿಹಿನೀರು ಸೇರಿದೆ. ಎರಡೂ ಜೊತೆಯಾಗಿ ಏರಿದ್ದರೆ ಕೊಳವೇ ಹೆಚ್ಚು ಬಸಿಯುತ್ತಿದೆ, ಎಂಜಿನಿಯರ್ ಅವರಿಗೆ ತಿಳಿಸುವ ಕಾಲ ಬಂದಿದೆ.

ಮಳೆಯ ನೀರಿನದು ನೇರವಾದ ಲೆಕ್ಕ. ಮೈಸೂರು, ಮಂಡ್ಯಗಳಲ್ಲಿ ಮುಂಗಾರಿಗೆ ಮೊದಲಿನ ಮೇ ತಿಂಗಳ ಬಿರುಮಳೆ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಗಳೇ ಜೋರು. ಒಂದು ಹೆಕ್ಟೇರ್ ಇಳಿಜಾರಿನ ನೀರು ಬಸಿಗಾಲುವೆಗೆ ಸೇರುವಂತಿದ್ದರೆ, 50 ಮಿಲಿಮೀಟರ್ ಮಳೆಯ ಅರ್ಧ ಹರಿದು ಬಂದರೂ 250 ಘನ ಮೀಟರ್ ಆಗುತ್ತದೆ. ಒಳಹರಿವನ್ನು ಕಳೆದು ಪಂಪಿಗೆ ಉಳಿಯುವ ಸಾಮರ್ಥ್ಯ ಸೆಕೆಂಡಿಗೆ 3.6 ಲೀಟರ್, ಆ ಒಂದು ಮಳೆಯ ನೀರನ್ನು ಎತ್ತಲು 19 ಗಂಟೆ ಬೇಕು. ಇದಕ್ಕೆ ದೊಡ್ಡ ಪಂಪು ತರುವುದು ಹಣದ ಪೋಲು. ಬಸಿಗಾಲುವೆಯ ಮೇಲ್ಬದಿಯಲ್ಲಿ ಮಳೆನೀರನ್ನು ಬೇರೆಡೆಗೆ ತಿರುಗಿಸುವ ಗಾರ್ಲೆಂಡ್ ಕಾಲುವೆಯನ್ನು ಹೂಳೆತ್ತಿ ಸರಿಪಡಿಸಬೇಕು.

ಉಳಿದದ್ದು ಎತ್ತಿದ ನೀರೇ ಮತ್ತೆ ಬಸಿಯುವ ದೋಷ. ಪೈಪಿನ ಉದ್ದ ಉಳಿಸಲು ನೀರನ್ನು ಏರಿಯ ಒಳಮೈಗೆ ತಾಗಿದಂತೆ ಬಿಟ್ಟರೆ, ಏರಿಯ ಪಕ್ಕದಲ್ಲಿ ಒಣಗಿರಬೇಕಾದ ರಾಡಿಯ ದಂಡೆ ನೆನೆದು, ನೀರು ಅತಿ ಹತ್ತಿರದ ದಾರಿಯಲ್ಲಿ ಸಂಪಿಗೆ ಮರಳುತ್ತದೆ. ಪಂಪು ಹೆಚ್ಚು ಓಡಿದಷ್ಟೂ ಬಸಿಯುವುದೂ ಹೆಚ್ಚುತ್ತದೆ. ಪೈಪನ್ನು ಏರಿಯಿಂದ ದೂರಕ್ಕೆ, ತಿಳಿನೀರು ನಿಲ್ಲುವ ಜಾಗದವರೆಗೆ ಚಾಚಿದರೆ ಕೆಲವು ದಿನಗಳಲ್ಲಿ ಒಳಹರಿವು ಇಳಿಯುವುದನ್ನು ಕಾಣಬಹುದು.

ಒಳಹರಿವು ಇಳಿದಿದ್ದರೆ

ಬಸಿನೀರು ಕಡಿಮೆಯಾಯಿತು ಎಂದು ಯಾರೂ ದೂರು ಕೊಡುವುದಿಲ್ಲ. ಆದರೆ ನನ್ನ ದೃಷ್ಟಿಯಲ್ಲಿ ಇದು ತುಂಬಿ ಹರಿಯುವ ಸಂಪಿಗಿಂತ ಗಂಭೀರವಾದ ಲಕ್ಷಣ. ಕೊಳದ ಮಟ್ಟ ಇಳಿಯದೆ, ಬೇಸಿಗೆಯೂ ಅಲ್ಲದೆ, ಹರಿವು ತಾನಾಗಿ ಕಡಿಮೆಯಾದರೆ ಏರಿಯ ಬುಡದ ತೂತಿನ ಪೈಪು ಅಥವಾ ಅದರ ಸುತ್ತಲಿನ ಸೋಸುಬಟ್ಟೆ ಕೆಂಗಂದು ಲೋಳೆಯಿಂದ, ಸುಣ್ಣದ ಕಿಟ್ಟದಿಂದ ಕಟ್ಟಿಕೊಂಡಿರಬಹುದು. ಹೊರಬರದ ನೀರು ಏರಿಯ ಒಳಗೇ ಏರುತ್ತದೆ. ಏರಿಯ ಒಳಗಿನ ನೀರಿನ ಮಟ್ಟ ತೋರಿಸುವ ಪೀಜೋಮೀಟರ್ ಕೊಳವೆಗಳ ಮಟ್ಟ ಏರಿದೆಯೇ, ಏರಿಯ ಹೊರಮೈಯಲ್ಲಿ ಹಿಂದೆ ಇಲ್ಲದ ಜಾಗದಲ್ಲಿ ತೇವ ಕಂಡಿದೆಯೇ, ಸುತ್ತಲೂ ಒಣಗಿರುವಾಗ ಒಂದೇ ಕಡೆ ಜೊಂಡು ಹಸಿರಾಗಿ ಬೆಳೆದಿದೆಯೇ ಎಂದು ನೋಡಬೇಕು. ಇವುಗಳಲ್ಲಿ ಒಂದು ಕಂಡರೂ ಪಂಪಿನ ಕೋಣೆಯಿಂದ ಹೊರಬಂದು ಎಂಜಿನಿಯರ್ ಅವರಿಗೆ ತಿಳಿಸಬೇಕು.

ವಿದ್ಯುತ್ತು ಮತ್ತು ಮಟ್ಟದ ಸ್ವಿಚ್ಚು

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹೊರಟದ್ದು ಕೋಲಾರದ ಚಿನ್ನದ ಗಣಿಗಳಿಗೆ. ಗಣಿಗೂ ಈ ಸೀಮೆಯ ವಿದ್ಯುತ್ತಿಗೂ ಇರುವ ನಂಟು ಅಷ್ಟು ಹಳೆಯದು. ಆದರೂ ಹಳ್ಳಿಯ ಲೈನಿನಲ್ಲಿ ಮೂರೂ ಫೇಸ್ ಸದಾ ಇರುತ್ತದೆಂದು ನಂಬಿ ಸಂಪು ಕಟ್ಟಬಾರದು. 2 ಮೀಟರ್ ಬಳಕೆಯ ಆಳವಿರುವ ನಮ್ಮ ಸಂಪು 18 ಘನ ಮೀಟರ್ ಹಿಡಿಯುತ್ತದೆ. ಸೆಕೆಂಡಿಗೆ 3 ಲೀಟರ್ ಬಂದರೆ 100 ನಿಮಿಷದಲ್ಲಿ ತುಂಬುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಹೋಗುವ ಕಡೆ ಡೀಸೆಲ್ ಪಂಪು ಅನಿವಾರ್ಯ. ಒಂದು ಫೇಸ್ ಹೋದಾಗ ಮೋಟಾರು ಸುಡದಂತೆ ಸ್ಟಾರ್ಟರಿನಲ್ಲಿ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇದೆಯೇ, ಅದನ್ನು ಯಾರಾದರೂ ಬೈಪಾಸ್ ಮಾಡಿದ್ದಾರೆಯೇ ನೋಡಬೇಕು.

ಎಲೆಕ್ಟ್ರೋಡ್ ಬಗೆಯ ಮಟ್ಟದ ಸ್ವಿಚ್ಚಿನಲ್ಲಿ ಕಡ್ಡಿಗಳ ನಡುವೆ ಒದ್ದೆ ಕಿಟ್ಟ ಹತ್ತಿದರೆ ನೀರಿಲ್ಲದಿದ್ದರೂ ಇದೆ ಎಂದು ತೋರಿಸುತ್ತದೆ, ಪಂಪು ಒಣಗಿ ಓಡುತ್ತದೆ. ಫ್ಲೋಟ್ ಬಗೆಯದಾದರೆ ಕೇಬಲ್ ಪೈಪಿಗೆ ಸುತ್ತಿಕೊಳ್ಳುವುದೇ ದೊಡ್ಡ ದೋಷ. ಶುರುವಾಗುವ ಮತ್ತು ನಿಲ್ಲುವ ಮಟ್ಟಗಳ ಅಂತರ ಕೆಲವೇ ಸೆಂಟಿಮೀಟರ್ ಇದ್ದರೆ ಸ್ಟಾರ್ಟರಿನ ಕಾಂಟ್ಯಾಕ್ಟ್‌ಗಳು ಸುಡುತ್ತವೆ. ಅಂತರ ಕನಿಷ್ಠ 30 ಸೆಂಟಿಮೀಟರ್ ಇರಲಿ. ಸಂಪಿಗೆ ಇಳಿಯಬೇಕಾದಾಗ ಫ್ಯೂಸ್ ಕಿತ್ತು ಕಿಸೆಯಲ್ಲಿಟ್ಟುಕೊಂಡು, ಗಾಳಿಯನ್ನು ಮಾಪಕದಿಂದ ಪರೀಕ್ಷಿಸಿ, ಮೇಲೆ ಹಗ್ಗ ಹಿಡಿದ ಇನ್ನೊಬ್ಬರನ್ನು ನಿಲ್ಲಿಸಿಯೇ ಇಳಿಯಬೇಕು.

ದುರಸ್ತಿ ಮುಗಿದ ಮೇಲೆ ಕೋಲು ಮತ್ತು ಗಡಿಯಾರದ ಪರೀಕ್ಷೆಯನ್ನು ಮತ್ತೆ ಮಾಡಿ, ಒಳಹರಿವು, ಪಂಪಿನ ಹರಿವು, ಎರಡು ಮಾಪಕಗಳ ಓದು, ಆಂಪಿಯರ್, ವಾಹಕತೆ ಮತ್ತು ಅಂದಿನ ಕೊಳದ ಮಟ್ಟವನ್ನು ದಿನಾಂಕದೊಂದಿಗೆ ಪಂಪಿನ ಕೋಣೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಬೇಕು. ಪುಸ್ತಕದಲ್ಲಿ ಬರೆದದ್ದು ಕಚೇರಿಯ ಬೀರುವಿನಲ್ಲಿ ಇರುತ್ತದೆ. ರಾತ್ರಿ ಪಾಳಿಯವನಿಗೆ ಬೇಕಾಗುವುದು ಗೋಡೆಯ ಮೇಲಿನ ಅಂಕಿ.